ತಡಸಲ ಬಿಲ್ಲಿನ ಮೂರು ಬಿರುಕು

ಬಳ್ಳಾರಿಯ ಅಕ್ಕನ ಮನೆಯ ಹಿತ್ತಿಲಿನಲ್ಲಿ, ಏಪ್ರಿಲ್ ತಿಂಗಳ ಒಂದು ಸಂಜೆ, ಹೆದೆಯನ್ನು ಗದ್ದದವರೆಗೆ ಎಳೆದು ನಿಂತಿದ್ದಾಗ ಬಿಲ್ಲು ‘ಟಿಕ್’ ಎಂದಿತು. ದೊಡ್ಡ ಸದ್ದೇನಲ್ಲ, ನೆಟಿಗೆ ಮುರಿದಷ್ಟು. ಪಕ್ಕದಲ್ಲಿ ಕುಳಿತು ಮಾವಿನಕಾಯಿ ಹೆಚ್ಚುತ್ತಿದ್ದ ಅಕ್ಕನಿಗೆ ಅದು ಕೇಳಿಸಲೂ ಇಲ್ಲ. ನನ್ನ ಎದೆ ಮಾತ್ರ ಧಸಕ್ಕೆಂದಿತು. ಬಾಣ ಬಿಡಲಿಲ್ಲ. ಹೆದೆಯನ್ನು ಇಂಚಿಂಚಾಗಿ ಮುಂದಕ್ಕೆ ಕೊಟ್ಟು, ಬಾಣವನ್ನು ಗೋಡೆಗೆ ಒರಗಿಸಿ, ಉಸಿರು ಬಿಗಿ ಹಿಡಿದು ಹೆದೆ ಇಳಿಸಿದೆ.

ಆಮೇಲೆ ಮಾಡಿದ ಮೊದಲ ಕೆಲಸ ಅಕ್ಕನ ಮಗನನ್ನು ಬೈದದ್ದು. ಅಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಅವನು ಬಿಲ್ಲನ್ನು ಎತ್ತಿಕೊಂಡು, ಬಾಣ ಹೂಡದೆ, ಹೆದೆಯನ್ನಷ್ಟೇ ಎಳೆದು ಬಿಟ್ಟಿದ್ದ. ಹಾಗೆ ಮಾಡಿದರೆ ಬಾಣ ಹೊತ್ತುಕೊಂಡು ಹೋಗಬೇಕಿದ್ದ ಶಕ್ತಿಯಷ್ಟೂ ತಿರುಗಿ ಬಿಲ್ಲಿನ ತೋಳುಗಳಿಗೇ ಬಡಿಯುತ್ತದೆ. ಒಂದೇ ಸಲಕ್ಕೆ ಎರಡು ತುಂಡಾದ ಬಿಲ್ಲುಗಳೂ ಇವೆ. ಹುಡುಗ ತಲೆ ತಗ್ಗಿಸಿ ನಿಂತ. ನನ್ನ ಮನಸ್ಸಿನಲ್ಲಿ ಮೊಕದ್ದಮೆ ಅಲ್ಲಿಗೆ ಮುಗಿದಿತ್ತು. ಆರೋಪಿ, ಸಾಕ್ಷಿ, ತೀರ್ಪು ಎಲ್ಲವೂ ಸಿದ್ಧ. ಸಾಗರಕ್ಕೆ ಮರಳಿ ಬಿಲ್ಲನ್ನು ಮೇಜಿನ ಮೇಲೆ ಮಲಗಿಸುವವರೆಗೆ ನನಗೆ ಯಾವ ಅನುಮಾನವೂ ಇರಲಿಲ್ಲ.

ಬಿಲ್ಲು ತಡಸಲ ಮರದ್ದು. ಚಿಕ್ಕಪ್ಪನ ತೋಟದ ಅಂಚಿನಲ್ಲಿದ್ದ ಮರ ಮೂರು ಮಳೆಗಾಲದ ಹಿಂದೆ ಗಾಳಿಗೆ ಬುಡಮೇಲಾಗಿತ್ತು. ಗಾಡಿಯ ಅಚ್ಚಿಗೆ, ನೊಗಕ್ಕೆ, ಕೊಡಲಿಯ ಕಾವಿಗೆ ಹಳಬರು ಹುಡುಕಿ ತರುತ್ತಿದ್ದ ಮರ ಇದು. ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಹಿಂದಿಯಲ್ಲಿ ಧಾಮನ್, ಸಂಸ್ಕೃತದಲ್ಲಿ ಧನ್ವನ. ಹೆಸರಿನೊಳಗೇ ಧನುಸ್ಸು ಕುಳಿತಿದೆ. ಸಸ್ಯಶಾಸ್ತ್ರದವರಿಗೆ ಗ್ರೇವಿಯಾ ಟಿಲಿಫೋಲಿಯಾ. ಕಾಂಡವನ್ನು ಗರಗಸದಿಂದ ಕೊಯ್ಯದೆ ಬೆಣೆ ಹೊಡೆದು ಸೀಳಿದ್ದೆ, ಎಳೆ ಹೋದಂತೆ ಸೀಳು ಹೋಗಲಿ ಎಂದು. ಎರಡು ಹೋಳುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹದಿನೆಂಟು ತಿಂಗಳು ಇಟ್ಟೆ. ಒಣಗುವಾಗ ತುದಿಗಳಿಂದ ನೀರು ಬೇಗ ಆರಿ ಬಿರುಕು ಬಿಡುತ್ತದೆಂದು ತುದಿಗೆ ಮೇಣ ಬಳಿಯಬೇಕು. ಬಳಿದೆ. ಒಂದು ತುದಿಗೆ ಮಾತ್ರ. ಅಷ್ಟರಲ್ಲಿ ಯಾರೋ ಅಡಿಕೆ ಕೊನೆಯ ಲೆಕ್ಕ ಕೇಳಲು ಬಂದರು, ಇನ್ನೊಂದು ತುದಿ ಹಾಗೆಯೇ ಅಟ್ಟ ಹತ್ತಿತು.

ಬಿಲ್ಲಿನ ಉದ್ದ 66 ಇಂಚು, ತೋಳಿನ ಅಗಲ ಒಂದೂವರೆ ಇಂಚು. ಬೆನ್ನು, ಅಂದರೆ ಗುರಿಯ ಕಡೆಗೆ ನೋಡುವ ಮುಖ, ತೊಗಟೆಯ ಕೆಳಗಿನ ಬಿಳಿ ಮರ. ಹೊಟ್ಟೆ, ಅಂದರೆ ನಮ್ಮ ಕಡೆಗಿರುವ ಮುಖ, ಒಳಗಿನ ಕೆಂಪು ತಿರುಳು. ಇಂಗ್ಲೆಂಡಿನ ಯೂ ಮರದ ಉದ್ದಬಿಲ್ಲುಗಳಲ್ಲೂ ಹೀಗೆಯೇ ಎರಡು ಬಣ್ಣ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಮೇರಿ ರೋಸ್ ಹಡಗಿನಲ್ಲಿ ಅಂಥವು ನೂರಕ್ಕೂ ಹೆಚ್ಚು ಇಡಿಯಾಗಿ ಸಿಕ್ಕಿವೆ. ನಾನು ಆ ಜೋಡಣೆಯನ್ನು ತಡಸಲಿನಲ್ಲಿ ಅನುಕರಿಸಿದ್ದೆ. ಅನುಕರಣೆ ಚೆನ್ನಾಗಿಯೇ ಇತ್ತು. ಕೈ ಅಷ್ಟು ಚೆನ್ನಾಗಿರಲಿಲ್ಲ ಎಂಬುದು ಈಗ ಹೊರಬೀಳಲಿತ್ತು.

ಮೊದಲು ಬೆನ್ನು. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಮರಕ್ಕೆ ತಾಗುವಷ್ಟು ಓರೆಯಾಗಿ ಹಿಡಿದು ತುದಿಯಿಂದ ತುದಿಗೆ ನೋಡುತ್ತ ಹೋದೆ. ನೇರ ಬೆಳಕಿನಲ್ಲಿ ಕಾಣದ ಏರುತಗ್ಗು ಓರೆ ಬೆಳಕಿನಲ್ಲಿ ನೆರಳು ಚೆಲ್ಲುತ್ತದೆ. ಏನೂ ಕಾಣಲಿಲ್ಲ. ಆಮೇಲೆ ದೇವರಕೋಣೆಯಿಂದ ಅಮ್ಮನ ಹೂಬತ್ತಿಯ ಹತ್ತಿ ತಂದೆ. ಬೆನ್ನಿನ ಮೇಲೆ ಹಗುರವಾಗಿ ಎಳೆದುಕೊಂಡು ಹೋದರೆ ಎದ್ದ ಎಳೆ ಎಲ್ಲಿದ್ದರೂ ಹತ್ತಿಯನ್ನು ಹಿಡಿದುಕೊಳ್ಳುತ್ತದೆ, ಬೆರಳಿಗಿಂತ ಸೂಕ್ಷ್ಮ. ಮೇಲಿನ ತೋಳಿನ ನಡುವೆ, ಒಂದು ಗಂಟಿನ ಪಕ್ಕದಲ್ಲಿ, ಹತ್ತಿಯ ಚೂರು ಸಿಕ್ಕಿಕೊಂಡು ನಿಂತಿತು.

ಭೂತಗನ್ನಡಿ ಇಟ್ಟು ನೋಡಿದೆ. ಒಂದು ಸಿಬಿರು ಎದ್ದಿತ್ತು. ಮುಕ್ಕಾಲು ಇಂಚು ಉದ್ದ, ಅಕ್ಕಿಕಾಳಿನಷ್ಟು ಅಗಲ. ಅದರ ಸಂದಿಯೊಳಗಿನ ಮರ ಈಗಷ್ಟೇ ಸುಲಿದ ಹಾಗೆ ಬೆಳ್ಳಗಿತ್ತು. ಟಿಕ್ ಎಂದದ್ದು ಇದೇ. ಆದರೆ ಅದು ಎದ್ದ ಜಾಗ ನೋಡಿದಾಗ ನನಗೆ ಬಳ್ಳಾರಿ ಮರೆತು ಬಿಲ್ಲು ಕೆತ್ತುತ್ತಿದ್ದ ದಿನಗಳ ಒಂದು ಮಧ್ಯಾಹ್ನ ನೆನಪಾಯಿತು. ಗಂಟಿನ ಸುತ್ತ ಮರ ಸಣ್ಣ ಗುಡ್ಡದಂತೆ ಉಬ್ಬಿತ್ತು. ಎಳೆಗಳು ಹೊಳೆಯ ನೀರು ಬಂಡೆಯನ್ನು ಸುತ್ತಿಕೊಂಡು ಹೋಗುವಂತೆ ಗಂಟನ್ನು ಬಳಸಿ, ಏರಿ, ಇಳಿಯುತ್ತವೆ. ಆ ಗುಡ್ಡವನ್ನು ಹಾಗೆಯೇ ಬಿಡಬೇಕು. ಕಣ್ಣಿಗೆ ಚಂದ ಕಾಣಲಿ ಎಂದು ನಾನು ಅದನ್ನು ಕೀಸುಳಿಯಿಂದ ಸಪಾಟು ಮಾಡಿದ್ದೆ. ಏರಿ ಇಳಿಯಬೇಕಿದ್ದ ಎಳೆಗಳ ತಲೆ ಅಲ್ಲಿ ಹಾರಿಹೋಗಿತ್ತು. ಬಿಲ್ಲು ಬಾಗಿದಾಗ ಬೆನ್ನು ಜಗ್ಗುತ್ತದೆ. ತುಂಡಾದ ಎಳೆ ಜಗ್ಗಲಾರದೆ ಎದ್ದು ನಿಲ್ಲುತ್ತದೆ.

ಹುಡುಗನ ಖಾಲಿ ಹೊಡೆತ ಅದಕ್ಕೆ ಒಂದು ಏಟು ಕೊಟ್ಟಿರಬಹುದು. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ನಾನು ಬಿಲ್ಲು ಇಟ್ಟಿದ್ದೂ ಸೇರಿರಬಹುದು. ಗಾಳಿಯ ತೇವ ಶೇ 90 ಇರುವ ಕಡೆ ಮರ ತನ್ನ ಒಣತೂಕದ ಶೇ 20ರಷ್ಟು ನೀರು ಇಟ್ಟುಕೊಂಡಿರುತ್ತದೆ. ಶೇ 30ಕ್ಕೆ ಇಳಿದ ಕಡೆ ಅದು ಶೇ 6ಕ್ಕೆ ಇಳಿಯುತ್ತದೆ. ಬಿಲ್ಲಿಗೆ ಹಿತವಾದದ್ದು ಎಂಟರಿಂದ ಹತ್ತು. ಅದಕ್ಕಿಂತ ಹಸಿಯಾದರೆ ಬಿಲ್ಲು ಸೋಮಾರಿ, ತೀರ ಒಣಗಿದರೆ ಹಪ್ಪಳ. ಮಲೆನಾಡಿನ ಬಿಲ್ಲನ್ನು ಬಯಲುಸೀಮೆಯ ಬೇಸಿಗೆಗೆ ಒಯ್ದು, ಮರುದಿನವೇ ಪೂರ್ತಿ ಎಳೆದವನು ನಾನೇ.

ಎರಡನೆಯದು ಮೇಲಿನ ಕೊಪ್ಪಿನಲ್ಲಿ ಸಿಕ್ಕಿತು. ಹೆದೆಯ ಕುಣಿಕೆ ಕೂರುವ ಕಚ್ಚಿನಿಂದ ಹೊರಟು ಎಳೆಯ ಜೊತೆಗೇ ನೇರವಾಗಿ ಹಿಡಿಯ ಕಡೆಗೆ ಬಂದ ಬಿರುಕು, ನಾಲ್ಕು ಇಂಚು. ಇದು ಹಳೆಯ ಪರಿಚಯ. ಮೇಣ ಬಳಿಯದ ತುದಿ ಇದೇ. ಎಳೆಯ ದಿಕ್ಕಿಗೇ ಹೋಗುವ ಒಣಬಿರುಕು ಸಾಮಾನ್ಯವಾಗಿ ನಿರಪಾಯಕಾರಿ. ತೋಳಿನ ಅಂಚಿನತ್ತ ಓರೆಯಾಗಿ ಹೊರಟರೆ ಮಾತ್ರ ಹೆದರಬೇಕು. ಆದ್ದರಿಂದಲೇ ನಾನು ಇದನ್ನು ಕಂಡೂ ಕಾಣದಂತೆ ಇದ್ದೆ. ಈಗ ಬೆಳೆದಿದೆಯೇ ಎಂದು ತಿಳಿಯಲು ಪೆನ್ನಿನ ನೀಲಿ ಇಂಕನ್ನು ಅದರ ಮೇಲೆ ಸವರಿ ಬಟ್ಟೆಯಿಂದ ಒರೆಸಿದೆ. ಮೂರೂವರೆ ಇಂಚು ಇಂಕನ್ನು ಒಲ್ಲೆ ಎಂದಿತು, ಏಕೆಂದರೆ ಸಂಕ್ರಾಂತಿಯ ಹೊತ್ತಿಗೆ ಹಚ್ಚಿದ ಅಗಸೆ ಎಣ್ಣೆಯನ್ನು ಅದು ಆಗಲೇ ಕುಡಿದಿತ್ತು. ಕೊನೆಯ ಅರ್ಧ ಇಂಚು ಮಾತ್ರ ಗಟಗಟನೆ ಕುಡಿದು ನೀಲಿಗೆರೆಯಾಯಿತು. ಬಳ್ಳಾರಿಯ ಪಾಲು ಇಷ್ಟು, ಅರ್ಧ ಇಂಚು.

ಈ ಇಂಕಿನ ಉಪಾಯ ನನಗೆ ಎಷ್ಟು ಹಿಡಿಸಿತೆಂದರೆ, ಅಗತ್ಯವಿಲ್ಲದಿದ್ದರೂ ಹೊಟ್ಟೆಗೂ ಉದ್ದಕ್ಕೆ ಸವರಿದೆ. ಒರೆಸಿದಾಗ ಕೆಳಗಿನ ತೋಳಿನಲ್ಲಿ, ಹಿಡಿಯಿಂದ ಹನ್ನೊಂದು ಇಂಚು ಕೆಳಗೆ, ಏನೋ ವಿಚಿತ್ರ. ನೀಲಿ ನಿಲ್ಲಲಿಲ್ಲ. ಆದರೆ ಒದ್ದೆಯಾದ ಮರದ ಮೇಲೆ ಕೂದಲಿಗಿಂತ ತೆಳುವಾದ ಕಂದು ಗೆರೆಗಳು ಅಡ್ಡಡ್ಡಲಾಗಿ ಎದ್ದು ಕಂಡವು. ಒಂದಕ್ಕೊಂದು ಸಮಾನಾಂತರ. ಬಾಳೆಯ ಹಸಿ ಪಟ್ಟೆಯನ್ನು ಬಾಗಿಸಿದಾಗ ಒಳಮೈಯಲ್ಲಿ ನಿರಿಗೆ ಬೀಳುತ್ತದಲ್ಲ, ಹಾಗೆ. ಎಣಿಸಿದೆ. ಹನ್ನೊಂದು. ಉಗುರು ಆಡಿಸಿದರೆ ತಡೆಯಿತು.

ಹೊಟ್ಟೆಯೊಳಗೆ ತಣ್ಣಗಾಯಿತು. ನನ್ನ ಹೊಟ್ಟೆಯೊಳಗೆ.

ಮರದ ಎಳೆಗಳು ಜಗ್ಗಿದರೆ ತಡೆದುಕೊಳ್ಳುವ ಶಕ್ತಿ, ಅದುಮಿದರೆ ತಡೆದುಕೊಳ್ಳುವ ಶಕ್ತಿಯ ಸುಮಾರು ಎರಡರಷ್ಟು. ಬಿಲ್ಲು ಬಾಗಿದಾಗ ಬೆನ್ನು ಜಗ್ಗುತ್ತದೆ, ಹೊಟ್ಟೆ ಅದುಮುತ್ತದೆ. ಆದ್ದರಿಂದ ಸೋಲುವ ಸರದಿ ಬಂದಾಗ ಎಷ್ಟೋ ಸಲ ಮೊದಲು ಸೋಲುವುದು ಹೊಟ್ಟೆ. ಸದ್ದಿಲ್ಲದೆ ಸೋಲುತ್ತದೆ, ಎಳೆಗಳು ಒಳಗೆ ಮಡಿಚಿಕೊಂಡು ಅಡ್ಡ ನಿರಿಗೆ ಹೊರಗೆ ಬರುತ್ತದೆ. ಸಿಬಿರಿಗೆ ಅಂಟು ಇದೆ, ಒಣಬಿರುಕಿಗೆ ಅಂಟು ಇದೆ. ಈ ನಿರಿಗೆಗೆ ಅಂಟು ಇಲ್ಲ, ಏಕೆಂದರೆ ತುಂಬಲು ಅಲ್ಲಿ ಸಂದಿಯೇ ಇಲ್ಲ, ಜಜ್ಜಿಹೋದ ಮರವಿದೆ. ನಮ್ಮ ದೇಶದ ಹಳೆಯ ಯುದ್ಧದ ಬಿಲ್ಲುಗಳನ್ನು ಮಾಡಿದವರು ಇದಕ್ಕೇ ಹೊಟ್ಟೆಗೆ ಕೊಂಬು, ಬೆನ್ನಿಗೆ ಪ್ರಾಣಿಗಳ ಸ್ನಾಯು ಅಂಟಿಸುತ್ತಿದ್ದರು: ಅದುಮುವ ಕಡೆ ಅದುಮಿಸಿಕೊಳ್ಳಬಲ್ಲದ್ದು, ಜಗ್ಗುವ ಕಡೆ ಜಗ್ಗಬಲ್ಲದ್ದು. ಸೊರಬ, ಶಿಕಾರಿಪುರದ ಕಡೆಯ ವೀರಗಲ್ಲುಗಳಲ್ಲಿ ಬಿಲ್ಲೆಳೆದು ನಿಂತವರನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಮುಖ ಬಿಟ್ಟು ಬಿಲ್ಲಿನ ಬಾಗಿಗೆ ಹೋಗುತ್ತದೆ. ಕಲ್ಲಿನ ಬಿಲ್ಲಿಗೆ ಹೊಟ್ಟೆನೋವಿಲ್ಲ, ಅದೃಷ್ಟವಂತರು.

ಇಂಕು ಹಿಡಿಯದ ಗೆರೆಗಳು ಎಂದರೆ ಎಣ್ಣೆ ಕುಡಿದ ಗೆರೆಗಳು. ಎಣ್ಣೆ ಹಚ್ಚಿದ್ದು ಜನವರಿಯಲ್ಲಿ. ಅಂದರೆ ಹುಡುಗ ಹೆದೆ ಮುಟ್ಟುವ ಮೂರು ತಿಂಗಳ ಮೊದಲೇ ಈ ಹನ್ನೊಂದೂ ಅಲ್ಲಿದ್ದವು. ನಾನು ಅವುಗಳ ಮೇಲೆಯೇ ಎಣ್ಣೆ ತಿಕ್ಕಿ, ಹೊಳಪು ನೋಡಿ ಹಿಗ್ಗಿದ್ದೆ.

ರಿಪೇರಿಯನ್ನು ಸುಲಭದ್ದರಿಂದ ಶುರು ಮಾಡಿದೆ. ಎಣ್ಣೆ ಕುಡಿದ ಸಂದಿಗೆ ಅಂಟು ಹಿಡಿಯದು. ಉಗುರು ಬಣ್ಣ ಅಳಿಸುವ ಅಸಿಟೋನನ್ನು ಕೊಪ್ಪಿನ ಬಿರುಕಿಗೆ ನಾಲ್ಕು ಸಲ ಹನಿಸಿ, ಒರೆಸಿ, ಒಂದು ದಿನ ಆರಲು ಬಿಟ್ಟೆ. ಆಮೇಲೆ ಫೆವಿಕ್ವಿಕ್. ತೆಳುವಾದ ಈ ಅಂಟು ಸಂದಿಯ ಒಂದು ತುದಿಯಲ್ಲಿ ಹನಿಸಿದರೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ತಾನೇ ಒಳಗೆ ಓಡುತ್ತದೆ. ಕುಡಿಯುವುದನ್ನು ನಿಲ್ಲಿಸುವವರೆಗೆ ಹನಿಸಬೇಕು. ಬಿರುಕಿನ ಕೊನೆಗೆ ಪೆನ್ಸಿಲಿನಲ್ಲಿ ಒಂದು ಅಡ್ಡಗೆರೆ ಎಳೆದು ತಾರೀಖು ಬರೆದೆ. ಬೆಳೆದರೆ ಗೆರೆ ದಾಟುತ್ತದೆ.

ಸಿಬಿರಿಗೆ ಹೆಚ್ಚು ಹುಷಾರು ಬೇಕು. ಅದನ್ನು ಕಿತ್ತು ತೆಗೆಯುವ ಆಸೆ ಆಗುತ್ತದೆ. ಕಿತ್ತರೆ ಅದು ಬೆನ್ನಿನ ಉದ್ದಕ್ಕೂ ತಾಳೆಗರಿಯಂತೆ ಸುಲಿದುಕೊಂಡು ಬರುತ್ತದೆ. ಬಿಲ್ಲಿನ ತುದಿಯನ್ನು ನೆಲಕ್ಕೆ ಊರಿ ಎರಡು ಬೆರಳಿನಷ್ಟು ಮಾತ್ರ ಬಾಗಿಸಿದೆ, ಸಿಬಿರು ಬಾಯಿ ತೆರೆಯಿತು. ಹೆಂಡತಿ ಸೂಜಿಯ ತುದಿಯಿಂದ ಅಂಟು ಹನಿಸಿದಳು. ಬಾಗು ಬಿಟ್ಟೆ, ಬಾಯಿ ಮುಚ್ಚಿತು. ಅದರ ಮೇಲೆ ಹಾಲಿನ ಪ್ಯಾಕೆಟ್ಟಿನ ತುಂಡು, ಈ ಅಂಟು ಅದಕ್ಕೆ ಹಿಡಿಯುವುದಿಲ್ಲ. ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿದೆ. ಅಂಚಿನಿಂದ ಒಸರಿದ ಅಂಟನ್ನು ಒರೆಸಲು ಕೈಗೆ ಸಿಕ್ಕಿದ್ದು ಅದೇ ಹೂಬತ್ತಿಯ ಹತ್ತಿ. ಒರೆಸಿದ ಎರಡನೆಯ ಕ್ಷಣಕ್ಕೆ ಬೆರಳು ಚುರುಗುಟ್ಟಿತು, ಹತ್ತಿಯಿಂದ ಹೊಗೆ ಎದ್ದಿತು, ಕಣ್ಣಿಗೆ ಖಾರ ಬಿದ್ದಂತೆ ನೀರು ಸುರಿಯಿತು. ಆ ಅಂಟೂ ಹತ್ತಿಯೂ ಸೇರಿದರೆ ಹೀಗೆ ಕುದಿಯುತ್ತವೆ. ಗುಳ್ಳೆ ಒಂದು ವಾರ ಇತ್ತು. ದೇವರ ಬತ್ತಿಯನ್ನು ಮರಗೆಲಸಕ್ಕೆ ತೆಗೆದದ್ದಕ್ಕೆ ಸರಿಯಾಯಿತು ಎಂದು ಅಮ್ಮ ಕಾರಣ ಕೊಟ್ಟರು. ನನ್ನ ರಸಾಯನಶಾಸ್ತ್ರಕ್ಕಿಂತ ಅದು ಚಿಕ್ಕದಾಗಿತ್ತು.

ಅಂಟಿಸಿದ ಸಿಬಿರಿನ ಮೇಲೆ ದಾರದ ಕಟ್ಟು ಬೇಕು. ಸ್ನಾಯುವಿನ ಎಳೆಯನ್ನು ಮರವಜ್ರದಲ್ಲಿ ಅದ್ದಿ ಸುತ್ತುವುದು ಹಳೆಯ ಪದ್ಧತಿ. ನಮ್ಮ ಮಳೆಗಾಲಕ್ಕೆ ಆ ಅಂಟು ಮೆತ್ತಗಾಗುತ್ತದೆ. ರೇಷ್ಮೆ ಸಾಕು ಎಂದುಕೊಂಡು ಸೀರೆಗೆ ಕುಚ್ಚು ಕಟ್ಟುವವರ ಬಳಿ ಹೋದೆ. ಅವರು ಕೊಟ್ಟ ಮೊದಲ ಉಂಡೆಯ ಎಳೆಯನ್ನು ಬೆಂಕಿಗೆ ಹಿಡಿದರೆ ಕಾಗದ ಸುಟ್ಟ ವಾಸನೆ, ಅದು ರೇಯಾನ್. ಎರಡನೆಯದು ಕೂದಲು ಸುಟ್ಟಂತೆ ನಾತ ಹೊಡೆದು, ಕಪ್ಪು ಮಣಿಯಾಗಿ, ಒತ್ತಿದರೆ ಪುಡಿಯಾಯಿತು. ಅದು ರೇಷ್ಮೆ. ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರುವ ಗಿರಾಕಿಯನ್ನು ಅವರು ಬೇಗ ಸಾಗಹಾಕಿದರು. ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಸವರಿ, ಸಿಬಿರಿನ ಎರಡೂ ಬದಿಗೆ ಒಂದೊಂದು ಇಂಚು ದಾಟಿಸಿ, ಎಳೆಗೆ ಎಳೆ ತಾಗುವಂತೆ ಸುತ್ತಿದೆ. ಕೊಪ್ಪಿನ ಕೆಳಗೂ ಅರ್ಧ ಇಂಚು, ಹೆದೆ ಬೆಣೆಯಂತೆ ಬಿರುಕನ್ನು ಮತ್ತೆ ತೆರೆಯದಿರಲಿ ಎಂದು.

ಉಳಿದದ್ದು ಹನ್ನೊಂದು ಗೆರೆ.

ಗೋಡೆಯ ಮೇಲೆ ನನ್ನದೊಂದು ಹಲಗೆ ಇದೆ. ಅದರ ತಲೆಯಲ್ಲಿ ಬಿಲ್ಲಿನ ಹಿಡಿ ಕೂರುತ್ತದೆ, ಕೆಳಗೊಂದು ರಾಟೆ, ಹೆದೆಗೆ ಕಟ್ಟಿದ ಹಗ್ಗ ರಾಟೆ ಸುತ್ತಿ ಹತ್ತು ಅಡಿ ದೂರಕ್ಕೆ ಬರುತ್ತದೆ. ಅಷ್ಟು ದೂರ ನಿಂತು ಎಳೆದರೆ ತೋಳುಗಳು ಬಾಗುವುದು ಕಾಣುತ್ತದೆ, ಮುರಿದರೆ ಮುಖಕ್ಕೂ ಬರುವುದಿಲ್ಲ. ಅರ್ಧ ಎಳೆತಕ್ಕೆ ಕಟ್ಟಿ ನಿಲ್ಲಿಸಿದೆ. ಕಣ್ಣಿಗೆ ಎರಡೂ ತೋಳು ಸೊಗಸಾಗಿಯೇ ಬಾಗಿದ್ದವು. ಆರು ಇಂಚಿನ ನೇರ ಪಟ್ಟಿಯೊಂದನ್ನು ಹೊಟ್ಟೆಗೆ ತಾಗಿಸಿ ಕೆಳಕ್ಕೆ ಜಾರಿಸುತ್ತ, ಪಟ್ಟಿಯ ನಡುವಿಗೂ ಮರಕ್ಕೂ ಇರುವ ಸಂದಿಯನ್ನು ಬಿಲ್ಲು ಬಿಚ್ಚಿದ್ದಾಗಿನ ಸಂದಿಯೊಂದಿಗೆ ಹೋಲಿಸಿದೆ. ಬೇರೆ ಕಡೆಯೆಲ್ಲ ವ್ಯತ್ಯಾಸ ಎರಡು ಮಿಲಿಮೀಟರಿನ ಆಸುಪಾಸು. ಹನ್ನೊಂದು ಗೆರೆಗಳ ಮೇಲೆ ಐದು. ಬಾಗಿಲಿನ ತಿರುಗಣಿಯಂತೆ ಬಿಲ್ಲು ಅಲ್ಲೊಂದೇ ಕಡೆ ಮಡಚುತ್ತಿತ್ತು, ಮಿಕ್ಕ ತೋಳು ಸಂಬಳ ತೆಗೆದುಕೊಂಡು ಸುಮ್ಮನಿತ್ತು.

ಏಕೆ ಹೀಗೆ ಕೆತ್ತಿದೆ? ಬಿಚ್ಚಿದ ಬಿಲ್ಲನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿದಾಗ ಉತ್ತರ ಸಿಕ್ಕಿತು. ಮರ ಹುಟ್ಟಿನಿಂದಲೇ ಆ ಜಾಗದಲ್ಲಿ ಗುರಿಯ ಕಡೆಗೆ ತುಸು ಹಿಂಬಾಗಿತ್ತು. ಹಿಂಬಾಗಿದ ಜಾಗ ಎಲ್ಲರಷ್ಟೇ ಬಾಗಿದರೂ ನೋಡಲು ನೇರವಾಗಿ ನಿಂತಂತೆ ಕಾಣುತ್ತದೆ. ಅದು ಬಾಗುತ್ತಿಲ್ಲ ಎಂದು ನಾನು ಗಾಜಿನ ಚೂರಿನಿಂದ ಅಲ್ಲೇ ಕೆರೆದೆ, ಮತ್ತೆ ಕೆರೆದೆ. ಕ್ಯಾಲಿಪರ್ ಹಿಡಿದು ಅಳೆದರೆ ಅಲ್ಲಿ ದಪ್ಪ 13 ಮಿ.ಮೀ., ಪಕ್ಕದಲ್ಲಿ ಹಿಡಿಯ ಕಡೆಗೆ 15. ಎರಡು ಮಿಲಿಮೀಟರು ಎಂದರೆ ಏನು ಮಹಾ ಅನ್ನಿಸಬಹುದು. ಮರದ ಬಿಗಿ ಅಗಲಕ್ಕೆ ತಕ್ಕಂತೆ ಏರುತ್ತದೆ, ದಪ್ಪಕ್ಕಾದರೆ ಅದರ ಘನಕ್ಕೆ ತಕ್ಕಂತೆ. ಹದಿನೈದರಿಂದ ಅರ್ಧ ಮಿ.ಮೀ. ಕೆರೆದರೆ ಬಿಗಿ ಸುಮಾರು ಶೇ 10 ಹೋಗುತ್ತದೆ. ಎರಡು ಕೆರೆದರೆ ಶೇ 35.

ಜಜ್ಜಿದ ಭಾಗವನ್ನು ಮೂರು ಮಿ.ಮೀ. ಆಳಕ್ಕೆ ದೋಣಿಯಾಕಾರದಲ್ಲಿ ತೋಡಿ ತಡಸಲಿನ ತೇಪೆ ಕೂರಿಸಬಹುದು. ಒಂದು ರಾತ್ರಿಯಿಡೀ ಆ ಯೋಚನೆ ಮಾಡಿದೆ. ತೇಪೆಯ ತುದಿಗಳು ಕೂದಲೆಳೆಯಷ್ಟು ಕೂಡದಿದ್ದರೂ ಎದ್ದುಬರುತ್ತವೆ, ಮತ್ತು ನನ್ನ ಕೈಯ ಬಗ್ಗೆ ಈ ವಾರದಲ್ಲಿ ನನಗೆ ಸಾಕಷ್ಟು ತಿಳಿದಿತ್ತು. ಬೆಳಿಗ್ಗೆ ಇನ್ನೊಂದು ದಾರಿ ಹಿಡಿದೆ. ಗೆರೆಗಳಿರುವ ಮೂರು ಇಂಚಿನ ಸುತ್ತ ಪೆನ್ಸಿಲಿನಿಂದ ಕೋಟೆ ಬರೆದು, ಅದರೊಳಗೆ ಉಪ್ಪುಕಾಗದವನ್ನೂ ಮುಟ್ಟಿಸಬಾರದೆಂದು ನಿಯಮ ಮಾಡಿಕೊಂಡೆ. ಕೆರೆದದ್ದೆಲ್ಲ ಕೋಟೆಯ ಹೊರಗೆ, ಬಿರುಕೇ ಇಲ್ಲದ ಆರೋಗ್ಯವಂತ ಮರದಲ್ಲಿ. ಗಾಜಿನ ಚೂರಿನಿಂದ ಇಪ್ಪತ್ತು ಎಳೆತ, ಮತ್ತೆ ಹಲಗೆಯ ಮೇಲೆ ಮೂವತ್ತು ಸಲ ಹಗುರವಾಗಿ ಬಾಗಿಸುವುದು, ಮತ್ತೆ ಪಟ್ಟಿ ಇಟ್ಟು ನೋಡುವುದು. ಮರಕ್ಕೆ ಹೊಸ ಸುದ್ದಿ ತಲುಪಲು ಅಷ್ಟು ಬಾಗು ಬೇಕು. ಬಾಗಿಸದೆ ಮತ್ತೆ ಕೆರೆದರೆ ಹಳೆಯ ತಪ್ಪೇ. ಕೆಳಗಿನ ತೋಳು ಮೆತ್ತಗಾದಂತೆ ಮೇಲಿನದನ್ನೂ ಅದಕ್ಕೆ ಸರಿಯಾಗಿ ಇಳಿಸಬೇಕು. ಒಂಬತ್ತು ಸಂಜೆ ಹಿಡಿಯಿತು. ವಾಕ್ಯದಲ್ಲಿ ಬರೆದಷ್ಟು ಬೇಗ ಮುಗಿಯುವ ಕೆಲಸವಲ್ಲ, ಬರೆಯಲು ಮಾತ್ರ ಇಷ್ಟೇ ಇದೆ.

ಪಟ್ಟಿಯ ಕೆಳಗಿನ ಐದು ಮಿಲಿಮೀಟರು ಎರಡೂವರೆಗೆ ಇಳಿಯಿತು. ಬಿಲ್ಲಿನ ಬಲವೂ ಇಳಿಯಿತು. ಮೊದಲು 28 ಇಂಚಿನ ಎಳೆತಕ್ಕೆ ಕೊಕ್ಕೆತಕ್ಕಡಿ 19 ಕೆ.ಜಿ. ತೋರಿಸುತ್ತಿತ್ತು, ಬಿಲ್ಲುಗಾರರ ಲೆಕ್ಕದಲ್ಲಿ 42 ಪೌಂಡು. ಈಗ 26 ಇಂಚಿಗೆ 15 ಕೆ.ಜಿ., 33 ಪೌಂಡು. ಅದಕ್ಕಿಂತ ಹೆಚ್ಚು ಎಳೆಯುವುದಿಲ್ಲ ಎಂದು ಬಾಣಗಳನ್ನೇ 27 ಇಂಚಿಗೆ ಕತ್ತರಿಸಿದೆ. ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಬಳ್ಳಾರಿಗೆ ಫೋನ್ ಮಾಡಿದೆ. ಹುಡುಗನಿಗೆ ಎಣ್ಣೆ, ಇಂಕು, ಜನವರಿ, ಎಲ್ಲವನ್ನೂ ವಿವರಿಸಿ, ತಪ್ಪು ನಿನ್ನದಾಗಿರಲಿಲ್ಲ, ಸಿಬಿರಿನ ವಿಷಯದಲ್ಲಿ ಮಾತ್ರ ಒಂಚೂರು ಪಾಲು ಇರಬಹುದು ಎಂದೆ. “ಯಾವ ಬಿಲ್ಲು ಮಾವ?” ಎಂದು ಕೇಳಿದ. ಹಿಂದೆ ಕ್ರಿಕೆಟ್ ಕಾಮೆಂಟರಿ ಕೇಳಿಸುತ್ತಿತ್ತು.

ಕೊಪ್ಪಿನ ಬಿರುಕು ಪೆನ್ಸಿಲ್ ಗೆರೆ ದಾಟಿಲ್ಲ. ರೇಷ್ಮೆಯ ಕಟ್ಟು ಹೊಳೆಯುತ್ತಿದೆ, ನೋಡಿದವರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಮೊದಲ ಮುನ್ನೂರು ಬಾಣಗಳನ್ನು ಕನ್ನಡಕ ಹಾಕಿಕೊಂಡೇ ಹುಲ್ಲಿನ ಪಿಂಡಿಗೆ ಬಿಟ್ಟೆ, ಇಪ್ಪತ್ತು ಬಿಟ್ಟ ಮೇಲೊಮ್ಮೆ ಹೆದೆ ಇಳಿಸಿ ನೋಡುತ್ತ. ಕಳೆದ ಭಾನುವಾರ ಮತ್ತೆ ಇಂಕು ಸವರಿ ಒರೆಸಿದೆ. ಹನ್ನೊಂದು ಕಂದು ಗೆರೆಗಳು ಇದ್ದಲ್ಲಿಯೇ ಇವೆ, ನೀಲಿ ಮುಟ್ಟಿಲ್ಲ. ಕೋಟೆಯ ಹೊರಗೆ, ಕೆಳಗಿನ ಅಂಚಿಗೆ ತಾಗಿ, ಅರ್ಧ ಇಂಚು ಉದ್ದದ ಒಂದು ಅಡ್ಡಗೆರೆ ನೀಲಿಯಾಗಿ ನಿಂತಿತು. ಗಾಜಿನ ಚೂರು ತಡವರಿಸಿ ಹಾರಿದಾಗ ಬೀಳುವ ಗೀರೂ ಹೀಗೆಯೇ ಅಡ್ಡಲಾಗಿ ಬೀಳುತ್ತದೆ. ಉಗುರು ಆಡಿಸಿದೆ, ತಡೆಯಿತು ಎಂದು ಒಮ್ಮೆ, ಇಲ್ಲ ಎಂದು ಇನ್ನೊಮ್ಮೆ ಅನ್ನಿಸಿತು. ಅದರ ಪಕ್ಕ ತಾರೀಖು ಬರೆದು ಬಿಲ್ಲನ್ನು ಅಡಿಗೆಮನೆಯಿಂದ ದೂರದ ಗೋಡೆಗೆ ಅಡ್ಡಲಾಗಿ ತೂಗುಹಾಕಿದ್ದೇನೆ.